ಹಪ್ಪಳ ಒಣಗಿದ ಹೆಬ್ಬಾಗಿಲು

ಮೇಸ್ತ್ರಿಗೆ ಎಡಗಣ್ಣು ಮುಚ್ಚಿಕೊಂಡು ನೋಡುವ ಚಾಳಿ. ತೂಗುಗುಂಡು ಹಿಡಿದು ಗೋಡೆಯ ಓರೆ ನೋಡಿ ನೋಡಿ ಹತ್ತಿದ್ದು. ಕೊನೆಗೆ ಮನುಷ್ಯರನ್ನೂ ಹಾಗೇ ನೋಡುತ್ತಿದ್ದ. ಅವನೆದುರು ನಿಂತರೆ ನಾನೇ ಎಲ್ಲೋ ವಾಲಿಕೊಂಡಿದ್ದೇನೆ ಅನ್ನಿಸುತ್ತಿತ್ತು.

ಹೊಸನಗರದ ಹತ್ತಿರ ನನ್ನ ತವರೂರಿನವನು. ನನಗೆ ಅಕ್ಕ ಅನ್ನುತ್ತಿದ್ದ, ನಮ್ಮನೆಯವರಿಗೆ ಭಾವ. ಸಾಗರದಲ್ಲಿ ಇಕ್ಕೇರಿ ರಸ್ತೆಯ ಪಕ್ಕ ಮನೆ ಕಟ್ಟಿಸುವಾಗ ಗುತ್ತಿಗೆ ಅವನಿಗೇ ಕೊಟ್ಟೆವು. "ನಾಳೆ ಬರ್ತೀನಿ ಅಕ್ಕ" ಅಂದರೆ ಮುಂದಿನ ವಾರ ಎಂದು ತಿಳಿಯಬೇಕು. ಬಂದವನು ಮೊದಲು ಚಾ ಕೇಳುತ್ತಿದ್ದ, ಆಮೇಲೆ ಸಿಮೆಂಟು. ನೆಂಟಸ್ತಿಕೆ ಏನೇ ಇರಲಿ, ಕರಾರು ಮಾತ್ರ ಗಟ್ಟಿ: ಕೊನೆಯ ಕಂತು ಕೈಸೇರುವ ತನಕ ಹೆಬ್ಬಾಗಿಲು ಅವನ ವಶ. ನಮ್ಮನೆಯವರು ನಗುತ್ತಲೇ ಸಹಿ ಹಾಕಿದ್ದರು.

ಮನೆ ಮುಗಿಯಿತು. ಮಹಡಿ ಮೆಟ್ಟಿಲುಗಳಲ್ಲಿ ಕೊನೆಯದು ಉಳಿದವಕ್ಕಿಂತ ಎತ್ತರವಾಗಿದೆ, ಅದನ್ನು ಒಡೆದು ಕಟ್ಟದೆ ಬಾಕಿ ಕೊಡುವುದಿಲ್ಲ ಎಂದು ಇವರು ಹಟ ಹಿಡಿದರು. ಬಾಕಿ ಕೊಟ್ಟ ಮೇಲೇ ಒಡೆಯುವುದು ಎಂದು ಅವನು. ಮರುದಿನ ನೋಡಿದರೆ ಹೆಬ್ಬಾಗಿಲೇ ಇಲ್ಲ. ಬಿಜಾಗರಿ ಬಿಚ್ಚಿ, ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಹೋಗಿದ್ದ. ಇವರು ವಕೀಲರ ಹತ್ತಿರ ಓಡಿದರು. ಸಹಿ ನೋಡಿದ ವಕೀಲರು, ಕೇಸು ಹಾಕಬಹುದು, ತೀರ್ಪು ಬರುವಾಗ ಬಾಗಿಲು ತೆರೆಯಲು ಮೊಮ್ಮಕ್ಕಳೇ ಬರಬೇಕಾದೀತು ಅಂದರಂತೆ. ಮನೆ ಒಕ್ಕಲಿಗೆ ನೆಂಟರನ್ನೆಲ್ಲ ಕರೆದು ಆಗಿತ್ತು. ಬಾಗಿಲಿಲ್ಲದ ಮನೆಗೆ ಒಕ್ಕಲಾಗುವುದು ಹೇಗೆ?

ಜಗಳ ಆಡಲೆಂದೇ, ಸಾಗರದಲ್ಲೇ ಪೇಟೆಯಾಚೆ ಅವನು ಮಾಡಿಕೊಂಡಿದ್ದ ಮನೆಗೆ ಹೋದೆ. ಅಂಗಳದಲ್ಲಿ ಎರಡು ಸ್ಟೂಲಿನ ಮೇಲೆ ನನ್ನ ಬಾಗಿಲು ಮಲಗಿತ್ತು. ಅದರ ಮೇಲೆ ಅವನ ಹೆಂಡತಿ ಹಲಸಿನ ಹಪ್ಪಳ ಒಣಗಿಸಿದ್ದಳು.

"ಎಂತದಾ ಇದು? ನನ್ ಬಾಗ್ಲು ಕಣೋ ಅದು."

ಎಡಗಣ್ಣು ಮುಚ್ಚಿದ. "ಹಪ್ಪಳ ನಮ್ದು. ಬಾಗ್ಲು ಯಾರ್ದು ಅಂತ ಭಾವನ್ನ ಕೇಳಕ್ಕ."

ಅವನಿಗೂ ನಮ್ಮನೆಯವರಿಗೂ ಒಂದೊಂದು ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಬೆಳಿಗ್ಗೆ ಎದ್ದು ಬಾಗಿಲಿಗೆ ಹೂವಿಡದೆ ಒಲೆ ಹಚ್ಚಿದವಳಲ್ಲ ನಾನು. ಬಾಗಿಲು ಎಲ್ಲಿದೆಯೋ ಅಲ್ಲಿಗೇ ಹೋದರಾಯಿತು. ಮರುದಿನದಿಂದ ಅರಿಶಿನ, ಕುಂಕುಮ, ಹೂವು ತಟ್ಟೆಯಲ್ಲಿಟ್ಟುಕೊಂಡು ಪೇಟೆಯ ನಡುವೆಯೇ ನಡೆದು ಹೋಗಿ, ಹಪ್ಪಳ ಸರಿಸಿ, ಪೂಜೆ ಮಾಡಿ ಬರತೊಡಗಿದೆ. ದಾರಿಯಲ್ಲಿ ಕೇಳಿದವರಿಗೆಲ್ಲ, ನಮ್ಮನೆ ಬಾಗಿಲು ಮೇಸ್ತ್ರಿ ಹತ್ತಿರ ಅಡವಿದೆ, ಅದರ ಪೂಜೆಗೆ ಹೊರಟೆ ಎಂದು ಹೇಳಿದೆ. ಕೇಳದವರಿಗೂ ಹೇಳಿದೆ. ಇವರು ಕ್ಷೌರದಂಗಡಿಗೂ ಹೋಗದ ಹಾಗಾಯಿತು. ಅಲ್ಲಿಯೂ "ಪೂಜೆ ಆಯ್ತಾ ಬಾಗ್ಲಿಗೆ?" ಎಂದು ಕೇಳುವವರೇ. ಕೊನೆಗೆ ಹಲ್ಲು ಕಚ್ಚಿಕೊಂಡು ಬಾಕಿ ಚುಕ್ತಾ ಮಾಡಿದರು. ಅದೇ ಸಂಜೆ ಅವನು ಬಾಗಿಲು ತಂದು ಕೂರಿಸಿದ. ಮೆಟ್ಟಿಲಿಗೆ ನಾಳೆ ಬರ್ತೀನಿ ಅಂದ. ಮನೆ ಒಕ್ಕಲಿಗೆ ಬಂದು ಹೋಳಿಗೆ ಉಂಡ, ಮತ್ತೆ ನಾಳೆ ಅಂದ.

ಹೋದ ವರ್ಷ ತೀರ್ಥಹಳ್ಳಿಯಲ್ಲಿ ಯಾರದೋ ಮನೆಯ ಪಾಯ ತೋಡಿಸುತ್ತಿದ್ದಾಗ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ.

ಇವರು ಈಗಲೂ ಆ ಮೆಟ್ಟಿಲನ್ನು ಎಡವುತ್ತಾರೆ, ಅವನನ್ನು ಬೈಯುತ್ತಾರೆ. ಬಾಗಿಲಿನ ಒಳಮೈಯಲ್ಲಿ ಹಪ್ಪಳದ ಎಣ್ಣೆ ಇಳಿದ ದುಂಡು ದುಂಡು ಕಲೆಗಳು ಹಾಗೇ ಇವೆ. ಹೆರೆಸಿ ಪಾಲಿಶ್ ಹೊಡೆಸೋಣ ಎಂದು ಹೋದ ವಾರವೂ ಕೇಳಿದರು.

"ಮೊದ್ಲು ಮೆಟ್ಲು ರಿಪೇರಿ ಆಗ್ಲಿ," ಅಂದೆ. "ಮೇಸ್ತ್ರಿ ನಾಳೆ ಬರ್ತೀನಿ ಅಂದಿದಾನೆ."