ಆರ್ಡಿಸ್ ದೊಡ್ಡಮ್ಮನ ಜೇಬಿನಲ್ಲಿದ್ದ ಚಾಡಿಕೋರ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ದಯವಿಟ್ಟು ಕ್ಷಮಿಸಿ. ಪ್ರತಿ ಸಾಲನ್ನೂ ಮೊದಲು ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಆಮೇಲೆ ಪೆನ್ನಿನಲ್ಲಿ ಬರೆದಿದ್ದೇನೆ. ಹತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟವಳು ನಾನು. ದೊಡ್ಡ ದೊಡ್ಡ ಮಾತುಗಳು ನನಗೆ ಗೊತ್ತಿಲ್ಲ. ಊರಿನವರೊಬ್ಬರ ಬಗ್ಗೆ ಬರೆದುಕೊಡಿ ಎಂದು ನಮ್ಮೂರು ಲಾರ್ಚ್ ಫೋರ್ಕಿನ ಗ್ರಂಥಾಲಯದವರು ಎಲ್ಲರನ್ನೂ ಕೇಳಿದಾಗ, ಆರ್ಡಿಸ್ ದೊಡ್ಡಮ್ಮನ ಬಗ್ಗೆ ಯಾರಾದರೂ ಬರೆದೇ ಬರೆಯುತ್ತಾರೆ ಎಂದು ಕಾದೆ. ಯಾರೂ ಬರೆಯಲಿಲ್ಲ. ಎಲ್ಲರಿಗೂ ಅವಳೆಂದರೆ ಸ್ವಲ್ಪ ಹೆದರಿಕೆ. ಕೊನೆಗೆ ಅವಳನ್ನೇ ಕೇಳಿದೆ.

"ಬರಿ, ನಂದೇನು ಹೋಯ್ತು? ಗುಡ್ಡದ ಹೆಸರು ಬರೆದ್ಯೋ, ಕೈ ಮುರೀತೀನಿ" ಎಂದಳು.

ಆದ್ದರಿಂದ ಗುಡ್ಡದ ಹೆಸರು ಇದರಲ್ಲಿ ಇಲ್ಲ.

ದೊಡ್ಡಮ್ಮ ನನ್ನ ತಂದೆಯ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವಳು ನಿವೃತ್ತಳಾಗುವವರೆಗೂ ನಮ್ಮೂರಿನ ಹಳದಿ ಶಾಲಾ ಬಸ್ಸನ್ನು ಓಡಿಸುತ್ತಿದ್ದಳು. ಈಗ ಮೀಸೆ ನರೆತಿರುವ ಗಂಡಸರೂ ಅವಳ ಮುಂದೆ ಬಂದರೆ ಕಾಲು ಮಡಚಿ ನೇರವಾಗಿ ಕೂರುತ್ತಾರೆ. ಆದರೆ ಅವಳ ನಿಜವಾದ ಬದುಕು ಇದ್ದದ್ದು ಬೇಸಿಗೆಯಲ್ಲಿ, ಹಕಲ್ ಎಂಬ ನೇರಳೆ ಬಣ್ಣದ ಪುಟ್ಟ ಕಾಡುಹಣ್ಣಿನ ಕಾಲದಲ್ಲಿ. ಹಕಲ್ ಹಣ್ಣನ್ನು ಯಾರೂ ಬೆಳೆಸಲಾರರು. ತೋಟದಲ್ಲಿ ನೆಟ್ಟರೆ ಸಾಯುತ್ತದೆ. ಎಂದೋ ಕಾಳ್ಗಿಚ್ಚು ಹೊಕ್ಕು ಹೋದ ಎತ್ತರದ ಇಳಿಜಾರುಗಳಲ್ಲಿ ತನ್ನಷ್ಟಕ್ಕೆ ತಾನು ಬೆಳೆಯುತ್ತದೆ. ಎಲ್ಲಿ ಚೆನ್ನಾಗಿ ಬೆಳೆಯುತ್ತದೆ ಎನ್ನುವುದು ಒಂದೊಂದು ಮನೆಯ ಗುಟ್ಟು. ನಮ್ಮಲ್ಲಿ ಜನ ಆಸ್ತಿಯ ವಿಷಯ ಹೇಳಿಯಾರು, ಕಾಯಿಲೆಯ ವಿಷಯ ಹೇಳಿಯಾರು, ಹಣ್ಣಿನ ಜಾಗ ಹೇಳುವುದಿಲ್ಲ. ಕೇಳುವುದೂ ತಪ್ಪು. ಹೊರಗಿನವರು ಯಾರಾದರೂ ತಿಳಿಯದೆ "ಎಲ್ಲಿ ಸಿಕ್ತು?" ಎಂದರೆ, "ಗಿಡದಲ್ಲಿ" ಎಂದು ಉತ್ತರ ಕೊಟ್ಟು ಸುಮ್ಮನಾಗುವುದು ಪದ್ಧತಿ.

ದೊಡ್ಡಮ್ಮನ ಗುಡ್ಡವನ್ನು ಅವಳ ತಾಯಿ ತೋರಿಸಿದ್ದಳು. ಅವಳಿಗೂ ಅವಳ ತಂಗಿ ಲವೋನ್‌ಗೂ ಮಾತ್ರ. ದೊಡ್ಡಪ್ಪನಿಗೂ ಗೊತ್ತಿರಲಿಲ್ಲ.

"ದೊಡ್ಡಪ್ಪಂಗೂ ಹೇಳ್ಲಿಲ್ವಾ?" ಎಂದು ಒಮ್ಮೆ ಕೇಳಿದ್ದೆ.

"ಚರ್ಚಲ್ಲಿ ಪಾದ್ರಿ ಏನೇನೋ ಪ್ರಮಾಣ ಮಾಡಿಸ್ದ. ಅದ್ರಲ್ಲಿ ಹಣ್ಣಿನ ವಿಷ್ಯ ಇರ್ಲಿಲ್ಲ."

ಮಂಡಿ ಹಿಡಿದುಕೊಂಡ ಮೇಲೆ ಲವೋನ್ ಚಿಕ್ಕಮ್ಮ ಗುಡ್ಡ ಹತ್ತುವುದನ್ನು ಬಿಟ್ಟಳು. ಶಾಲೆ ಬಿಟ್ಟು ನಾನು ದೊಡ್ಡಮ್ಮನ ಮನೆಗೆ ಬಂದದ್ದು ಆಗಲೇ. ನನ್ನನ್ನು ಗುಡ್ಡಕ್ಕೆ ಕರೆದುಕೊಂಡು ಹೋದದ್ದು ಏಕೆ ಎಂದು ಅವಳೇ ಚಿಕ್ಕಮ್ಮನಿಗೆ ಹೇಳಿದ್ದಳು: "ಈ ಕೊರಿನ್ ಬಾಯಾರಿಕೆ ಆದ್ರೂ ಬಾಯಿ ಬಿಟ್ಟು ನೀರು ಕೇಳಲ್ಲ. ಇವಳಿಗಿಂತ ಬಂಡೆ ಜಾಸ್ತಿ ಮಾತಾಡುತ್ತೆ."

ನಾವು ಹೋಗುವ ರೀತಿಯೇ ಬೇರೆ. ಟ್ರಕ್ಕನ್ನು ಮೀನು ಹಿಡಿಯುವವರು ನಿಲ್ಲಿಸುವ ಕಡೆ ನಿಲ್ಲಿಸಿ, ಗಾಳವೊಂದನ್ನು ಹಿಂದೆ ಕಾಣುವಂತೆ ಇಡುತ್ತಿದ್ದೆವು. ಅಲ್ಲಿಂದ ಹೊಳೆಯ ಕಲ್ಲುಗಳ ಮೇಲೆ ನಡೆದು, ಹೆಜ್ಜೆ ಮೂಡದಂತೆ ಮೇಲೇರುತ್ತಿದ್ದೆವು. ಸೊಂಟಕ್ಕೆ ಕಟ್ಟಿದ ಕಾಫಿ ಡಬ್ಬದಲ್ಲಿ ಹಣ್ಣು ತುಂಬಿದಂತೆ ಬಕೆಟ್ಟಿಗೆ ಸುರಿದು, ಮೇಲೆ ಹಳೆಯ ಅಂಗಿ ಮುಚ್ಚುತ್ತಿದ್ದೆವು. ಇಳಿದು ಬರುವಾಗ ನೇರಳೆಯಾದ ತುಟಿಗಳನ್ನು ಒರೆಸಿಕೊಳ್ಳುತ್ತಿದ್ದೆವು. ಇಷ್ಟೆಲ್ಲ ಜಾಗ್ರತೆ ಮಾಡುವಾಗಲೂ ದೊಡ್ಡಮ್ಮನ ಅಂಗಿಯ ಜೇಬಿನಲ್ಲಿ ಫೋನ್ ಇರುತ್ತಿತ್ತು. ಕಾಲು ಉಳುಕಿದರೆ ಕೆಳಗೆ ಬಂದು ಯಾರನ್ನಾದರೂ ಕರೆಯಬೇಕಲ್ಲ ಎಂದು. ಗುಡ್ಡದ ಮೇಲೆ ಸಿಗ್ನಲ್ ಇಲ್ಲ. ಸಿಗ್ನಲ್ ಇಲ್ಲದ ಕಡೆ ಫೋನ್ ಸತ್ತ ಹಾಗೆ ಎಂದು ಇಲ್ಲಿ ಹಣ್ಣು ಆಯುವ ಎಲ್ಲರೂ ನಂಬಿದ್ದರು.

ಬ್ರೆಂಟ್ ಕಾಲ್ಡರ್ ಎಂಬಾತ ಹಳೆಯ ಪೆಟ್ರೋಲ್ ಬಂಕಿನ ಪಕ್ಕದಲ್ಲಿ ಹಣ್ಣು ಕೊಳ್ಳುವ ಅಂಗಡಿ ತೆರೆದದ್ದು ಕಳೆದ ಬೇಸಿಗೆಯಲ್ಲಿ. ನಗುಮುಖದ ಮನುಷ್ಯ. ಹಣ್ಣು ತಂದವರಿಗೆಲ್ಲ ತಣ್ಣನೆಯ ನಿಂಬೆ ಪಾನಕ ಕೊಡುತ್ತಿದ್ದ. ಹಣ್ಣಿನ ಕಾಲ ಮುಗಿಯುವ ಹೊತ್ತಿಗೆ ಒಂದು ದಿನ ದೊಡ್ಡಮ್ಮನಿಗೆ ಹೇಳಿದ: "ಅಜ್ಜಿ, ನಮ್ಮದೊಂದು ಆ್ಯಪ್ ಇದೆ, 'ಕಾಡಿನ ಗೆಳೆಯ' ಅಂತ. ದಿನದ ಬೆಲೆ ಹೇಳುತ್ತೆ, ಕರಡಿ ಇದ್ರೆ ಎಚ್ಚರಿಸುತ್ತೆ. ಪುಕ್ಕಟೆ."

"ಕರಡಿಗೆ ನನ್ನ ಕಂಡ್ರೆ ಭಯ. ಬೆಲೆ ಬೇಕಾದ್ರೆ ಹೇಳ್ಲಿ."

"ಕೊಡಿ ಇಲ್ಲಿ, ನಾನೇ ಹಾಕಿಕೊಡ್ತೀನಿ" ಎಂದು ಫೋನ್ ತೆಗೆದುಕೊಂಡು, ಬೆರಳಿನಲ್ಲಿ ಚಕಚಕನೆ ಏನೇನೋ ಒತ್ತಿ ಹಿಂದಕ್ಕೆ ಕೊಟ್ಟ. ಆ ಬೇಸಿಗೆ ಏನೂ ಆಗಲಿಲ್ಲ.

ಈ ವರ್ಷ ಮೊದಲ ಹಣ್ಣನ್ನು ಬ್ರೆಂಟ್‌ಗೆ ತಂದುಕೊಟ್ಟು, ಎರಡನೆಯ ಸಲ ಗುಡ್ಡ ಹತ್ತಿದಾಗ ಕೆಳಗಿನ ಅರ್ಧ ಇಳಿಜಾರು ಹಾಳಾಗಿತ್ತು. ಕಬ್ಬಿಣದ ಹಲ್ಲಿನ ಬಾಚಣಿಗೆಗಳಿಂದ ಗಿಡಗಳನ್ನು ಬಾಚಿದ್ದರು. ಹಾಗೆ ಬಾಚಿದರೆ ಹಣ್ಣಿನ ಜೊತೆಗೆ ಎಲೆ, ಕಾಯಿ, ಎಳೆಯ ರೆಂಬೆ ಎಲ್ಲ ಕಿತ್ತುಬರುತ್ತದೆ. ಗಿಡ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ದೊಡ್ಡಮ್ಮ ಮುರಿದ ರೆಂಬೆಯೊಂದನ್ನು ಕೈಗೆ ಎತ್ತಿಕೊಂಡಳು. ಆಮೇಲೆ ನನ್ನನ್ನು ಕರೆದುಕೊಂಡು ಕೆಳಗಿಳಿದು, ನೇರ ಲವೋನ್ ಚಿಕ್ಕಮ್ಮನ ಮನೆಗೆ ಹೋದಳು. ಜಾಗ ಬಯಲಾದರೆ ಯಾರ ಬಾಯಿಂದಲೋ ಬಯಲಾಗಿರಬೇಕು, ನಮ್ಮಲ್ಲಿ ಬೇರೆ ಯೋಚನೆಯೇ ಬರುವುದಿಲ್ಲ.

"ಯಾರಿಗ್ ಹೇಳ್ದೆ?" ಎಂದಳು ಬಾಗಿಲಲ್ಲೇ ನಿಂತು.

"ಏನು ಹೇಳ್ದೆ, ಅಕ್ಕ? ಒಳಗೆ ಬಾ."

"ಅಮ್ಮನ ಗುಡ್ಡ ಬಾಚಿ ಬೋಳು ಮಾಡಿದಾರೆ. ಗೊತ್ತಿರೋದು ನಿಂಗೆ, ನಂಗೆ, ಈ ಮೂಗಿ ಕೊರಿನ್‌ಗೆ. ನಿನ್ನ ಬಾಯಿ ಮೊದ್ಲಿಂದಾನೂ ತೂತು ಬಕೆಟ್ಟು ಕಣೇ. ಇಸ್ಪೀಟಾಡೋ ಕಡೆ ಉದುರಿಸಿರ್ತೀಯ."

ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತಳು. "ನಾನು ಹತ್ತೋಕಾಗ್ದೆ ಇಲ್ಲಿ ಕೂತು ಪ್ರತಿ ಬೇಸಿಗೆ ಆ ಗುಡ್ಡನ ಕನಸಲ್ಲಿ ನೋಡ್ತೀನಿ. ನೀನು ಬಂದು ನನ್ನ ಕಳ್ಳಿ ಅಂತೀಯ. ಹೋಗು. ಇನ್ಮೇಲೆ ಈ ಮೆಟ್ಲು ಹತ್ಬೇಡ."

ಇಬ್ಬರೂ ಹುಟ್ಟಿದಂದಿನಿಂದ ಒಬ್ಬರನ್ನೊಬ್ಬರು ಬಿಟ್ಟವರಲ್ಲ. ಭಾನುವಾರ ಚರ್ಚಿನಲ್ಲಿ ಬೇರೆ ಬೇರೆ ಸಾಲಿನಲ್ಲಿ ಕುಳಿತರು. ದೊಡ್ಡಮ್ಮ ಮನೆಗೆ ಬಂದು ಊಟ ಮಾಡಲಿಲ್ಲ. ಗುಡ್ಡ ಹೋದದ್ದು ಒಂದು ನೋವು, ತಂಗಿ ಹೋದದ್ದು ಅದಕ್ಕಿಂತ ದೊಡ್ಡ ನೋವು ಎಂದು ನನಗೆ ಕಾಣುತ್ತಿತ್ತು.

ಇಳಿಜಾರಿನ ಮೇಲಿನ ಅರ್ಧ ಇನ್ನೂ ಉಳಿದಿತ್ತು. ಅಲ್ಲಿ ಒಂದು ದಿನ ಆಯ್ದು ಬಂದೆವು. ಮರುದಿನ ಬೆಳಿಗ್ಗೆ ದೊಡ್ಡಮ್ಮ ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದಾಗ ಫೋನ್ ಸದ್ದು ಮಾಡಿತು. ಕನ್ನಡಕ ಇಲ್ಲದ್ದರಿಂದ ನನಗೆ ಓದಲು ಹೇಳಿದಳು. ಕಾಡಿನ ಗೆಳೆಯ ಬರೆದಿತ್ತು: "ನಿನ್ನೆ ನೀವು ಹೊತ್ತು ಕಳೆದ ಇಳಿಜಾರಿನ ಹತ್ತಿರ ಕರಡಿ ಕಂಡಿದೆ. ಎಚ್ಚರಿಕೆ."

ನಾನು ಮತ್ತೆ ಓದಿದೆ.

"ದೊಡ್ಡಮ್ಮ, ನಿನ್ನೆ ನಾವು ಎಲ್ಲಿದ್ವಿ ಅಂತ ಇದಕ್ಕೆ ಹೇಗೆ ಗೊತ್ತು?"

ಬೆಣ್ಣೆ ಚಾಕು ನಿಂತಿತು. "ಮೇಲೆ ಸಿಗ್ನಲ್ ಇಲ್ವಲ್ಲ."

"ಸಿಗ್ನಲ್ ಇಲ್ದಿದ್ರೆ ಮಾತಾಡೋಕಾಗಲ್ಲ ಅಷ್ಟೆ. ನೋಡೋಕಾಗುತ್ತೆ. ಆಕಾಶದಲ್ಲಿರೋ ಉಪಗ್ರಹ ನೋಡಿ ಎಲ್ಲಿದೀವಿ ಅಂತ ತಿಳ್ಕೊಂಡು ಒಳಗೆ ಇಟ್ಕೊಳ್ಳುತ್ತೆ. ಊರಿಗೆ ಬಂದು ಸಿಗ್ನಲ್ ಸಿಕ್ಕಿದ್ ತಕ್ಷಣ ಎಲ್ಲ ಬ್ರೆಂಟ್‌ಗೆ ಒಪ್ಪಿಸಿಬಿಡುತ್ತೆ." ಇಷ್ಟು ಉದ್ದ ನಾನು ಆ ಮನೆಯಲ್ಲಿ ಎಂದೂ ಮಾತಾಡಿರಲಿಲ್ಲ. "ಮತ್ತೆ... ಅಲ್ಲಿ ಕರಡಿ ನೋಡಿದವರು ಯಾರು? ಅಲ್ಲಿಗೆ ಹೋಗೋರು ನಾವಿಬ್ರೇ."

ದೊಡ್ಡಮ್ಮ ನಿಧಾನವಾಗಿ ಕುಳಿತಳು. "ಎಲ್ಲಾ ಬಸ್ಸಲ್ಲೂ ಒಬ್ಬ ಹುಡುಗ ಇರ್ತಿದ್ದ ಕಣೇ. ದಾರಿಯುದ್ದಕ್ಕೂ ಬಾಯಿ ಮುಚ್ಕೊಂಡು ಕೂತಿರೋನು. ಮನೆಗೆ ಹೋದ್ ಕೂಡ್ಲೇ ಯಾರ್ಯಾರು ಏನೇನ್ ಮಾಡಿದ್ರು ಅಂತ ಅಮ್ಮಂಗೆ ಚಾಡಿ. ಅಂಥದ್ದನ್ನ ನಾನು ಜೇಬಲ್ಲಿಟ್ಕೊಂಡು ಓಡಾಡ್ತಿದೀನಿ."

ನಾನು ಫೋನಿನ ಒಳಗೆಲ್ಲ ಎಚ್ಚರಿಕೆಯಿಂದ ಹುಡುಕಿದೆ. ಕಾಡಿನ ಗೆಳೆಯನಿಗೆ ಅವಳಿರುವ ಜಾಗವನ್ನು ಹಗಲೂ ರಾತ್ರಿ ನೋಡಲು ಒಪ್ಪಿಗೆ ಇತ್ತು. ಅದೊಂದಕ್ಕೇ ಅಲ್ಲ, ಹವಾಮಾನ ಹೇಳುವುದಕ್ಕೂ, ಇಸ್ಪೀಟಿನ ಆಟಕ್ಕೂ, ಟಾರ್ಚಿಗೂ ಇತ್ತು.

"ಟಾರ್ಚಿಗೆ ನಾನೆಲ್ಲಿದೀನಿ ಅಂತ ಯಾಕೆ ಬೇಕು? ಕತ್ತಲೆ ಎಲ್ಲಾದ್ರೂ ಕತ್ತಲೆನೇ ತಾನೆ!"

ಟಾರ್ಚನ್ನು ಅಳಿಸಿದೆ. ಕಾಡಿನ ಗೆಳೆಯನನ್ನೂ ಅಳಿಸಲು ಹೋದಾಗ ದೊಡ್ಡಮ್ಮ ನನ್ನ ಕೈ ಹಿಡಿದಳು. "ಅದಿರ್ಲಿ. ಅದ್ರಿಂದ ಇನ್ನೂ ಸ್ವಲ್ಪ ಚಾಡಿ ಹೇಳಿಸ್ಬೇಕು."

ಅದಕ್ಕೂ ಮೊದಲು ಅವಳು ಮಾಡಿದ ಕೆಲಸವನ್ನು ಬರೆಯದೆ ಬಿಡಬಾರದು. ನನ್ನನ್ನು ಕರೆದುಕೊಂಡು ಚಿಕ್ಕಮ್ಮನ ಮನೆಗೆ ಹೋದಳು. ಚಿಕ್ಕಮ್ಮ ವರಾಂಡದಲ್ಲಿ ಚೆರಿ ಹಣ್ಣಿನ ಬೀಜ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ. ದೊಡ್ಡಮ್ಮ ಮೆಟ್ಟಿಲು ಹತ್ತಲಿಲ್ಲ. ಅಂಗಳದಲ್ಲಿ, ಬಿಸಿಲಿನಲ್ಲಿ ನಿಂತು ಫೋನಿನ ಚಾಡಿಯನ್ನೂ ಬ್ರೆಂಟ್‌ಗೆ ಹೂಡಿದ ಉಪಾಯವನ್ನೂ ಹೇಳಿದಳು.

"ಅಂದ್ರೆ ಬಲೆ ಹಾಕ್ತೀಯ. ಅವ್ರು ಬಂದು ಬಿದ್ರೆ ನಾನು ಒಳ್ಳೆಯವ್ಳು. ಬೀಳ್ದಿದ್ರೆ ಮತ್ತೆ ಕಳ್ಳಿ. ಅಷ್ಟೇನಾ?"

"ಬೀಳ್ಲಿ ಬಿಡ್ಲಿ, ನೀನಲ್ಲ. ಅವತ್ತೂ ನೀನಲ್ಲ ಅಂತ ಗೊತ್ತಿರ್ಬೇಕಿತ್ತು ನಂಗೆ. ನನ್ ತಪ್ಪು, ಲವೋನ್."

ಚಿಕ್ಕಮ್ಮ ಎರಡು ಮೂರು ಚೆರಿಗಳ ಬೀಜ ತೆಗೆದಳು. "ಇನ್ನೊಂದ್ಸಲ ಹೇಳು. ಈ ಕಿವಿ ಸರಿಯಾಗಿ ಕೇಳ್ಸಲ್ಲ."

"ನನ್ ತಪ್ಪು!" ಎಂದು ದೊಡ್ಡಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಎದುರು ಮನೆಯ ನಾಯಿ ಬೊಗಳಿತು.

"ಹಾಗಾದ್ರೆ ಮೆಟ್ಲು ಹತ್ತು. ತೂತು ಬಕೆಟ್ಟಲ್ಲಿ ಕಾಫಿ ಮಾಡಿದೀನಿ" ಎಂದಳು ಚಿಕ್ಕಮ್ಮ. ಮೂವರೂ ನಕ್ಕೆವು. ಚಿಕ್ಕಮ್ಮ ತನ್ನ ಫೋನನ್ನೂ ನನಗೆ ಕೊಟ್ಟು, ಪಿಸುಮಾತಿನಲ್ಲಿ ಕೇಳಿದಳು: "ನಾನು ಪಕ್ಕದೂರಿಗೆ ಹೋಗಿ ಕೂದಲಿಗೆ ಬಣ್ಣ ಹಾಕಿಸ್ಕೊಳ್ಳೋದೂ ಇದಕ್ಕೆ ಗೊತ್ತಾ, ಮಗು?" ಗೊತ್ತು ಎಂದೆ. "ಅಯ್ಯೋ ದೇವ್ರೇ" ಎಂದಳು.

ಹಿಂದೆ ಮರದ ದಿಮ್ಮಿ ಸಾಗಿಸುತ್ತಿದ್ದ ಹಳೆಯ ರಸ್ತೆಯ ಕೆಳಗೆ ಒಂದು ಜವುಗು ಕೊಳ್ಳವಿದೆ. ಅದರ ಹೆಸರನ್ನು ಬರೆಯಬಹುದು, ಯಾರಿಗೂ ಬೇಡವಾದದ್ದು: ಸ್ಟಿಂಕರ್ ಗುಂಡಿ, ಅಂದರೆ ನಾತದ ಗುಂಡಿ. ದೆವ್ವದ ದೊಣ್ಣೆ ಎಂಬ ಆಳೆತ್ತರದ ಮುಳ್ಳುಗಿಡ, ಮೊಣಕಾಲುದ್ದ ಕೆಸರು, ಮೋಡದ ಹಾಗೆ ಸೊಳ್ಳೆ. ಒಂದೇ ಒಂದು ಹಕಲ್ ಗಿಡ ಇಲ್ಲ. ನಾನೂ ದೊಡ್ಡಮ್ಮನೂ ಮೈತುಂಬ ಬಟ್ಟೆ ಸುತ್ತಿಕೊಂಡು ಹೋಗಿ, ಗುಂಡಿಯ ನಡುವೆ ಬಿದ್ದಿದ್ದ ಮರದ ಮೇಲೆ ಫೋನನ್ನು ಮಧ್ಯದಲ್ಲಿ ಇಟ್ಟುಕೊಂಡು, ಸಂಜೆಯವರೆಗೆ ಕುಳಿತೆವು. ಮರುದಿನವೂ ಹೋದೆವು. ಹಿಂತಿರುಗುವಾಗ ಮನೆಯಲ್ಲಿದ್ದ ಒಳ್ಳೆಯ ಹಣ್ಣನ್ನು ಎರಡು ಬಕೆಟ್ ತುಂಬಿಸಿ, ಗುಂಡಿಯಲ್ಲೇ ಆಯ್ದವರಂತೆ ಬ್ರೆಂಟ್‌ನ ಅಂಗಡಿಗೆ ಹೊತ್ತೊಯ್ದೆವು.

"ಅಬ್ಬಾ! ಎಷ್ಟು ದಪ್ಪ! ಎಲ್ಲಿ ಸಿಕ್ತು ಅಜ್ಜಿ?" ಎಂದ ಬ್ರೆಂಟ್.

"ಗಿಡದಲ್ಲಿ" ಎಂದಳು ದೊಡ್ಡಮ್ಮ.

ಆ ರಾತ್ರಿಯೇ ಚಿಕ್ಕಮ್ಮ, ಬೆಳಿಗ್ಗೆ ದಿಮ್ಮಿ ರಸ್ತೆಗೆ ಬನ್ನಿ ಎಂದು ಹಣ್ಣು ಆಯುವ ಮನೆಗಳಿಗೆಲ್ಲ ಸುದ್ದಿ ಮುಟ್ಟಿಸಿದಳು. ಒಂದೇ ಒಂದು ಮಾತೂ ಬ್ರೆಂಟ್‌ನ ಕಿವಿಗೆ ಬೀಳಲಿಲ್ಲ. ಬೆಳಿಗ್ಗೆ ದಿಮ್ಮಿ ರಸ್ತೆಯ ತಿರುವಿನ ಮೇಲೆ ಮಡಚುವ ಕುರ್ಚಿಗಳು ಸಾಲಾಗಿದ್ದವು. ಚಿಕ್ಕಮ್ಮ ಮಧ್ಯದಲ್ಲಿ, ಕಾಫಿ ಫ್ಲಾಸ್ಕ್ ಮತ್ತು ಚೆರಿ ಕಡುಬಿನೊಂದಿಗೆ. ಟ್ರಕ್ಕುಗಳನ್ನು ಮರಗಳ ಹಿಂದೆ ಅಡಗಿಸಿದ್ದೆವು.

"ಬರ್ತಾರಾ?" ಎಂದು ಯಾರೋ ಕೇಳಿದರು.

"ಬರ್ಲಿ ಬಿಡ್ಲಿ, ಕಡುಬಂತೂ ಇದೆ" ಎಂದಳು ಚಿಕ್ಕಮ್ಮ.

ನಾನು ಹೇಳಿದ್ದು ತಪ್ಪಾಗಿದ್ದರೆ ಊರೆಲ್ಲ ಸೊಳ್ಳೆ ಕಚ್ಚಿಸಿಕೊಂಡದ್ದು ನನ್ನಿಂದ. ಆಗ ಕೆಳಗಿನ ತಿರುವಿನಲ್ಲಿ ಬಿಳಿಯ ವ್ಯಾನ್ ಕಾಣಿಸಿತು. ಅದು ಸ್ಟಿಂಕರ್ ಗುಂಡಿಯ ಅಂಚಿನಲ್ಲಿ, ನಾವು ಇಳಿದ ಜಾಗದಲ್ಲೇ ನಿಂತಿತು. ಬಾಚಣಿಗೆ, ಬಕೆಟ್ ಹಿಡಿದ ನಾಲ್ಕಾರು ಜನ ಇಳಿದರು. ಅವರ ಹಿಂದೆ ಬ್ರೆಂಟ್ ಇಳಿದ, ಕಣ್ಣು ಕೈಯಲ್ಲಿದ್ದ ಫೋನಿನ ಮೇಲೆ, ಬೆರಳು ಗುಂಡಿಯ ಕಡೆಗೆ. ಎಲ್ಲರೂ ಒಳಗೆ ನುಗ್ಗಿದರು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಕೆಸರು ಮೆತ್ತಿಕೊಂಡು, ಮುಖವೆಲ್ಲ ಗೀಚಿಸಿಕೊಂಡು, ಒಂದು ಕಾಲಿನ ಬೂಟು ಕಳೆದುಕೊಂಡು ಬ್ರೆಂಟ್ ಹೊರಗೆ ಬಂದಾಗ, ದೊಡ್ಡಮ್ಮ ಎದ್ದು ನಿಂತಳು.

"ಹಣ್ಣು ಹೇಗಿದೆಯಪ್ಪಾ, ಬ್ರೆಂಟ್?"

ಅವನು ತಲೆ ಎತ್ತಿ ನೋಡಿದ. ಕುರ್ಚಿಗಳ ಉದ್ದನೆಯ ಸಾಲು ನೋಡಿದ.

"ಇಲ್ಲಿ ಹಣ್ಣಿದೆ ಅಂತ ನಿಂಗೆ ಯಾರು ಹೇಳಿದ್ರು? ಇಷ್ಟು ಜನ ಇದೀವಿ, ಕೇಳ್ತೀವಿ, ಹೇಳು."

ಅವನು ಮುಖದ ಕೆಸರು ಒರೆಸಿಕೊಂಡ. ಕೊನೆಗೆ, "ನೀವೇ ಒಪ್ಪಿಗೆ ಒತ್ತಿದೀರಿ. ಕಾನೂನು ಪ್ರಕಾರ ಎಲ್ಲ ಸರಿಯಾಗಿದೆ" ಎಂದ.

"ಒತ್ತಿದ್ದು ನಿನ್ನ ಬೆರಳು ಕಣಪ್ಪಾ. ನನ್ನ ಕೈಯಲ್ಲಿ ಆಗ ನಿಂಬೆ ಪಾನಕ ಇತ್ತು. ಕರಡಿ ಎಲ್ಲಿದೆ ಅಂತ ನಂಗೆ ಹೇಳ್ತೀನಿ ಅಂದೆ. ನಾನೆಲ್ಲಿದೀನಿ ಅಂತ ಕರಡಿಗೆ ಹೇಳ್ದೆ."

ಮೊದಲು ನಕ್ಕದ್ದು ಚಿಕ್ಕಮ್ಮ. ಆಮೇಲೆ ಇಡೀ ಸಾಲು ನಕ್ಕಿತು. ಕೊಳ್ಳವೆಲ್ಲ ಮೊಳಗಿತು. ಬಾಚಣಿಗೆ ಹಿಡಿದಿದ್ದವರಲ್ಲೂ ಇಬ್ಬರು ನಕ್ಕರು. ತಮ್ಮ ತಮ್ಮ ಗುಡ್ಡಗಳೂ ಹಾಳಾದದ್ದು ಹೇಗೆಂದು ಅಲ್ಲಿದ್ದ ಮೂರು ಮನೆಯವರಿಗೆ ಆಗ ಅರ್ಥವಾಯಿತು. ಅವರೂ ತಮ್ಮ ತಮ್ಮ ಮನೆಯವರನ್ನೇ ಅನುಮಾನಿಸಿದ್ದರು. ಒಬ್ಬ ಮುದುಕ ಅಲ್ಲೇ ತನ್ನ ಅಳಿಯನ ಕೈ ಹಿಡಿದುಕೊಂಡ.

"ಎಲ್ರೂ ಫೋನ್ ತೆಗೀರಿ. ಕೊರಿನ್ ತೋರಿಸ್ತಾಳೆ" ಎಂದಳು ದೊಡ್ಡಮ್ಮ.

ಅದಕ್ಕೆ ಮಾತು ಬೇಕಾಗಲಿಲ್ಲ. ಕುರ್ಚಿಯಿಂದ ಕುರ್ಚಿಗೆ ಹೋಗಿ, ಎಲ್ಲಿ ಒತ್ತಬೇಕೆಂದು ಬೆರಳಿನಲ್ಲಿ ತೋರಿಸಿದೆ. ಒತ್ತಿದ್ದು ಅವರವರೇ. ಕಾಡಿನ ಗೆಳೆಯ ಒಂದೊಂದೇ ಫೋನಿನಿಂದ ಹೋಯಿತು, ಪ್ರತಿ ಸಲವೂ ಸಾಲಿನವರು ಚಪ್ಪಾಳೆ ತಟ್ಟಿದರು.

ಅಂದಿನಿಂದ ಯಾರೂ ಬ್ರೆಂಟ್‌ಗೆ ಹಣ್ಣು ಕೊಡಲಿಲ್ಲ. ಎಲ್ಲರೂ ಸೇರಿ ಹೆದ್ದಾರಿಯ ಪಕ್ಕ ಒಂದು ಮೇಜು ಹಾಕಿ ತಾವೇ ಮಾರಿದರು. ಚಿಕ್ಕಮ್ಮ ಮೇಜಿನ ಹಿಂದೆ ಕುಳಿತು ಎಲ್ಲ ಗಿರಾಕಿಗಳ ಹತ್ತಿರವೂ ಬಾಯಿತುಂಬ ಮಾತಾಡಿದಳು, ಹಣ್ಣಿನ ಜಾಗವೊಂದನ್ನು ಬಿಟ್ಟು. ಹಣ್ಣಿನ ಕಾಲ ಮುಗಿಯುವ ಮೊದಲೇ ಬ್ರೆಂಟ್ ಅಂಗಡಿ ಮುಚ್ಚಿ ಹೋದ. ಕೊನೆಯ ವಾರ ನಾವು ಗುಡ್ಡದ ಮೇಲಿನ ಅರ್ಧವನ್ನು ಕೈಯಿಂದಲೇ ಆಯ್ದೆವು. ಚಿಕ್ಕಮ್ಮನನ್ನೂ ಕರೆದುಕೊಂಡು ಹೋದೆವು. ದೊಡ್ಡಮ್ಮ ಮುಂದೆ ಎಳೆದಳು, ನಾನು ಹಿಂದೆ ತಳ್ಳಿದೆ. ಮೇಲೆ ತಲುಪಿದ ಚಿಕ್ಕಮ್ಮ ಹಣ್ಣು ಆಯಲಿಲ್ಲ, ಗಿಡಗಳ ನಡುವೆ ಕುಳಿತು ಬರೀ ತಿಂದಳು.

ನದಿಯಾಚೆಯ ಊರಿನ ಅಣಬೆ ಆಯುವವರು ತಮ್ಮ ಫೋನುಗಳನ್ನೂ ನೋಡಿಕೊಡು ಎಂದು ಹೇಳಿಕಳಿಸಿದ್ದಾರೆ. ಸೋಮವಾರ ನಾನು ಒಬ್ಬಳೇ ಬಸ್ಸಿನಲ್ಲಿ ಅಲ್ಲಿಗೆ ಹೋಗುತ್ತೇನೆ.