ನಿಧಾನಿ ನೋಡಿದ ಬೆಂಕಿ ಸಿನಿಮಾ

ಅಗ್ನಿಶಾಮಕ ಗಾಡಿಯ ಡ್ರೈವರಿಗೆ ‘ನಿಧಾನಿ’ ಎಂಬ ಅಡ್ಡಹೆಸರು ಬಿದ್ದರೆ ಕೇಳಿದವರು ನಗದೆ ಇರುತ್ತಾರೆಯೇ? ಗಂಟೆ ಬಾರಿಸಿಕೊಂಡು ಗಾಡಿ ಓಡಿಸುವಾಗ ಆತ ಗಾಳಿಯ ತಮ್ಮ. ಗಾಡಿಯಿಂದ ಇಳಿದನೋ, ಮುಗಿಯಿತು. ಬದನೆಕಾಯಿಯೋ ಬೆಂಡೆಕಾಯಿಯೋ ಎಂದು ತರಕಾರಿ ಅಂಗಡಿಯ ಮುಂದೆ ಕಂಬದ ಹಾಗೆ ನಿಂತುಬಿಡುವ ಆಸಾಮಿ. ಅವನು ಮದುವೆಗೆ ‘ಹೂಂ’ ಅನ್ನುವಷ್ಟರಲ್ಲಿ ಹುಡುಗಿಯ ಮನೆಯವರು ಸುಸ್ತಾಗಿದ್ದರಂತೆ.

ಆ ಹುಡುಗಿ ಹೆಂಡತಿಯಾಗಿ ಬಂದವಳು ಒಂದು ಪಟ್ಟು ಹಿಡಿದಳು. ಗಾಡಿ ಹೊರಟ ಸದ್ದು ಕೇಳಿದರೆ, ಗಂಡ ಮನೆಗೆ ಬರುವವರೆಗೆ ತುತ್ತು ಎತ್ತುವುದಿಲ್ಲ. ಮನೆ ಅಗ್ನಿಶಾಮಕ ಠಾಣೆಯ ಹಿಂದೆಯೇ ಇದ್ದದ್ದರಿಂದ ಒಂದು ಸದ್ದೂ ತಪ್ಪುತ್ತಿರಲಿಲ್ಲ. ಇವನು ಬೈದ, ಬೇಡಿಕೊಂಡ. ಅವಳಿಗೆ ಹೊಟ್ಟೆಹುಣ್ಣಾಯಿತೇ ಹೊರತು ಪಟ್ಟು ಸಡಿಲಲಿಲ್ಲ.

ಹೀಗಿರುವಾಗ ನಾದಿನಿ ಎರಡು ಸಿನಿಮಾ ಟಿಕೆಟ್ಟು ತಂದುಕೊಟ್ಟಳು. ಎತ್ತರದ ಕಟ್ಟಡಕ್ಕೆ ಬೆಂಕಿ ಬಿದ್ದು, ಸಾಲದೆಂಬಂತೆ ಭೂಕಂಪವೂ ಆಗುವ ಸಿನಿಮಾ. ಇಂಥದಕ್ಕೆ ಇವಳನ್ನು ಕರೆದೊಯ್ಯುವುದೇ ಎಂದು ನಿಧಾನಿ ಯೋಚಿಸುತ್ತಿರುವಾಗಲೇ ಅವಳು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಸಿನಿಮಾದಲ್ಲಿ ಕಥೆಯೆಂಬುದು ದೇವರಾಣೆಗೂ ಇರಲಿಲ್ಲ. ಬೆಂಕಿಗೆ ಹೊಗೆಯೇ ಇಲ್ಲ! ಮೊದಲು ಉಸಿರು ಕಟ್ಟಿಸುವುದೇ ಹೊಗೆಯಲ್ಲವೇ? ಹೀರೋ ಮೂಗಿಗೆ ಬಟ್ಟೆಯನ್ನೂ ಕಟ್ಟಿಕೊಂಡಿಲ್ಲ, ಮಹಡಿಗಳೇ ಉರುಳಿದರೂ ಬಾಚಿದ ಕೂದಲು ಕೆದರುವುದಿಲ್ಲ. ಎಂಥ ಬುರುಡೆ ಎಂದು ನಿಧಾನಿ ಹಲ್ಲು ಕಡಿದ. ಅಷ್ಟರಲ್ಲಿ ಹೀರೋ ಮತ್ತು ಅವನ ಮಾವ ಒಂದೇ ಹಗ್ಗಕ್ಕೆ ಜೋತುಬಿದ್ದು, ಮನೆಯ ನಲ್ಲಿ ರಿಪೇರಿ ಮಾಡಿಸದ ವಿಷಯಕ್ಕೆ ಜಗಳ ತೆಗೆದರು. ಆ ಮಾವನ ಪಾರ್ಟು ಮಾಡಿದವನು ಎಂಥ ನಟನಪ್ಪಾ! ನಿಧಾನಿಗೂ ಫಕ್ಕನೆ ನಗು ಬಂತು. ಸೇತುವೆ ಕುಸಿಯುವಾಗಂತೂ ಕಾಲು ತಾನಾಗಿ ಬ್ರೇಕು ಒತ್ತಿತು. ಇದು ಒಳ್ಳೆಯ ಸಿನಿಮಾವೋ ಕೆಟ್ಟದ್ದೋ ತಿಳಿಯದೆ ಪಕ್ಕಕ್ಕೆ ತಿರುಗಿದರೆ, ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ.

ದಾರಿಯುದ್ದಕ್ಕೂ “ಕಥೇನೇ ಇಲ್ಲ” ಎಂದು ಗೊಣಗಿದನಾದರೂ ಅವನ ತಲೆ ಕೆಟ್ಟದ್ದು ಆ ನಗುವಿಗೆ. ಬೆಂಕಿಯೆಂದರೆ ಇಷ್ಟೇ ಎಂದು ನಂಬಿಬಿಟ್ಟಳೇ? ನಂಬಿದರೆ ಒಳ್ಳೆಯದೇ, ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೆ. ಆದರೆ ಅದು ಸುಳ್ಳಲ್ಲವೇ? ನಿಜ ಹೇಳಿದರೆ ಮತ್ತೆ ಉಪವಾಸ. ಸುಮ್ಮನಿದ್ದರೆ ಸಿನಿಮಾದವರ ಬುರುಡೆಗೆ ತಾನೂ ಪಾಲುದಾರ. ಅತ್ತ ದರಿ, ಇತ್ತ ಪುಲಿ. ಠಾಣೆಯಲ್ಲಿ ಸಿನಿಮಾ ಹೇಗಿತ್ತೆಂದು ಕೇಳಿದವರಿಗೆ, “ಚೆನ್ನಾಗಿತ್ತು... ಅಂದ್ರೆ, ಚೆನ್ನಾಗಿರ್ಲಿಲ್ಲ” ಎಂದ. ಅವರು ಇನ್ನಷ್ಟು ನಕ್ಕರು.

ಆ ವಾರವೇ ಪೇಂಟಿನ ಗೋದಾಮಿಗೆ ಬೆಂಕಿ ಬಿತ್ತು. ಊಟದ ಹೊತ್ತು ಎಷ್ಟೋ ಮೀರಿದ ಮೇಲೆ ನಿಧಾನಿ ಕೆಮ್ಮುತ್ತ ಮನೆಗೆ ಬಂದ. ಮೇಜಿನ ಮೇಲೆ ಎರಡು ತಟ್ಟೆ ಬೋರಲಾಗಿದ್ದವು. ಪಾತ್ರೆಯ ಮುಚ್ಚಳವನ್ನೂ ಯಾರೂ ತೆಗೆದಿರಲಿಲ್ಲ.

“ಇನ್ನೂ ಊಟ ಮಾಡಿಲ್ವಾ? ಸಿನಿಮಾ ನೋಡಿ ನಿನ್ನ ಹೆದರಿಕೆ ಹೋಯ್ತು ಅಂದ್ಕೊಂಡಿದ್ದೆ ಕಣೇ. ಅಷ್ಟೊಂದು ನಗ್ತಿದ್ದೆ!”

“ಅದು ಬುರುಡೆ ಅಂತ ನಂಗೆ ಗೊತ್ತಾಗಲ್ವಾ? ಹೊಗೆ ಮೆತ್ತಿದ ನಿಮ್ಮ ಅಂಗಿ ಒಗೆಯೋಳು ನಾನು,” ಎಂದಳು ಹೆಂಡತಿ, ತಟ್ಟೆ ಮಗುಚುತ್ತ. “ಬೆಂಕಿ ಅಲ್ಲಿ ಪರದೆ ಮೇಲಿತ್ತು. ನೀವು ನನ್ನ ಪಕ್ಕದಲ್ಲಿ ಕೂತಿದ್ರಿ. ಅದಕ್ಕೇ ನಗು ಬಂತು ಕಣ್ರೀ.”

ನಿಧಾನಿ ಪಾತ್ರೆಯ ಮುಚ್ಚಳ ತೆಗೆದು ಮೊದಲು ಅವಳ ತಟ್ಟೆಗೆ ಬಡಿಸಿದ.

“ಭಾನುವಾರ ಇನ್ನೊಂದ್ಸಲ ಹೋಗೋಣ,” ಎಂದ, ಒಂದಿಷ್ಟೂ ಯೋಚಿಸದೆ.

“ಅದೇ ಸಿನಿಮಾಗಾ? ಕಥೇನೇ ಇಲ್ಲ ಅಂದ್ರಲ್ಲ?”

“ಕಥೆ ಇಲ್ಲ, ನಿಜ. ಹೋಗೋಣ.”