ಅಳಿಯನ ಕಾಲು ಮುರಿದ ಮೇಲೆ ನಾನು ಆಡಿದ ಪಂದ್ಯ

ದೈವವನ್ನು ನಂಬಿದವರೇ ಓದುವ ಪತ್ರಿಕೆಯೆಂದು ಧೈರ್ಯ ಮಾಡಿ ಬರೆಯುತ್ತಿದ್ದೇನೆ. ನಾನು ಶಿರೂರಿನವನು, ದೋಣಿ ಎಂಜಿನ್ ರಿಪೇರಿ ನನ್ನ ಕೆಲಸ. ಪ್ರಾಯ ನಲವತ್ತರ ಹತ್ತಿರವಾದರೂ ಊರಿನ ಫುಟ್ಬಾಲ್ ತಂಡದಲ್ಲಿ ಹಿಂದೆ ನಿಂತು ಎದುರಾಳಿಯನ್ನು ತಡೆಯುವವನು ನಾನೇ. ಮುಂದೆ ಗೋಲು ಹೊಡೆಯುವವನು ನನ್ನ ಅಕ್ಕನ ಮಗ ಸುಧೀರ. ಕಳೆದ ದೀಪಾವಳಿ ಮುಗಿದ ವಾರ ಅಭ್ಯಾಸ ಮಾಡುವಾಗ ಅವನ ಕಾಲು ಮುರಿಯಿತು. ಮುರಿದದ್ದು ನನ್ನಿಂದ.

ಚೆಂಡಿಗೆಂದೇ ಕಾಲು ಹಾಕಿದ್ದೆ. ಮಳೆಗೆ ನೆಲ ಜಾರುತ್ತಿತ್ತು. ಎಲುಬಿನ ಸದ್ದು ಎಲ್ಲರಿಗೂ ಕೇಳಿಸಿತು.

ಉಡುಪಿಯ ಆಸ್ಪತ್ರೆಯೊಂದರಲ್ಲಿ ರಾಡ್ ಹಾಕಿದರು. ಆದರೆ ಪಾದ ಮೇಲೇಳಲಿಲ್ಲ. "ನರಕ್ಕೆ ಪೆಟ್ಟು ಬಿದ್ದಿದೆ. ಶಕ್ತಿ ಬರಬಹುದು, ಬಾರದೆಯೂ ಇರಬಹುದು" ಎಂದರು ಡಾಕ್ಟರು. ಭಾವ ತೀರಿಹೋದ ಮೇಲೆ ಸುಧೀರನ ಕೈಹಿಡಿದು ಮೈದಾನಕ್ಕೆ ಕರೆದೊಯ್ದವನೇ ನಾನು. ಅಕ್ಕ ನನ್ನತ್ತ ತಿರುಗಿ, "ನಿಂಗೆ ಆ ಚೆಂಡ್ ಅಷ್ಟ್ ದೊಡ್ದಾಯ್ತಾ?" ಎಂದಳು. ಆಮೇಲೆ ಹನ್ನೆರಡು ದಿನ ಮಾತಿಲ್ಲ.

ದಿನಾ ಕೆಲಸ ಬಿಟ್ಟು, ಕುಂದಾಪುರದಲ್ಲಿ ಬಸ್ಸು ಬದಲಿಸಿ ಹೋಗುತ್ತಿದ್ದೆ. ಗಂಜಿಯ ಫ್ಲಾಸ್ಕನ್ನು ಅಕ್ಕ ಮುಖ ನೋಡದೆ ತೆಗೆದುಕೊಳ್ಳುವಳು. ನಾನು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು, ಹಾಗೇ ಮರಳುವೆ.

ಅಷ್ಟರಲ್ಲಿ ಬಾರ್ಕೂರಿನವರೊಡನೆ ಲೀಗ್ ಪಂದ್ಯ ಬಂತು. ಸೋತರೆ ನಾವು ಲೀಗಿನಿಂದ ಹೊರಗೆ. ನಮ್ಮಲ್ಲಿ ಒಬ್ಬನ ಭುಜ ಜಾರಿತ್ತು, ಇನ್ನೊಬ್ಬನ ಪಾದದ ಗಂಟು ಊದಿತ್ತು. ನಾನು ಸೇರಿದರಷ್ಟೇ ಹನ್ನೊಂದು. ಆಗುವುದಿಲ್ಲ ಎಂದುಬಿಟ್ಟೆ. ಸುಧೀರನೇ ಫೋನ್ ಮಾಡಿದ.

"ಮಾವ, ನೀ ಇಳೀದಿರೆ ಹತ್ತೇ ಜನ. ನನ್ ಹೆಸ್ರ್ ಹೇಳ್ಕಂಡ್ ತಪ್ಪಿಸ್ಕಣ್ಬೇಡ."

ಭಾನುವಾರ ಬೆಳಿಗ್ಗೆ ನಮ್ಮ ಮನೆತನದ ದೈವ ಹಾಯ್ಗುಳಿಯ ಗುಡಿಗೆ ಹೋಗಿ ಹೂಕಾಯಿ ಒಪ್ಪಿಸಿದೆ. "ಸ್ವಾಮೀ, ಗೆಲ್ಲೂದ್ ಬ್ಯಾಡ. ಮಾಣಿ ಪಾದ ಏಳ್ಲಿ. ಇವತ್ತ್ ನನ್ ಕಾಲಿಂದ ಯಾರಿಗೂ ಪೆಟ್ಟಾಪ್ದ್ ಬ್ಯಾಡ" ಎಂದು ಹರಕೆ ಹೊತ್ತು ಅತ್ತೆ.

ಮೈದಾನಕ್ಕಿಳಿದು ಹಿಂದೆ ನನ್ನ ಜಾಗದಲ್ಲಿ ನಿಂತೆ. ಹತ್ತು ನಿಮಿಷವೂ ಆಗಿರಲಿಲ್ಲ, ಅವರ ಮುಂಚೂಣಿಯ ಹುಡುಗ ಚೆಂಡು ತಳ್ಳಿಕೊಂಡು ನೇರ ನನ್ನ ಮೇಲೇ ಬಂದ. ಕಾಲು ಹಾಕಬೇಕು, ಹಾಕಲಾರೆ. ಕಲ್ಲಿನ ಹಾಗೆ ನಿಂತುಬಿಟ್ಟೆ. ಅವನು ಎಡವಟ್ಟಾಗಿ ತಳ್ಳಿದ ಚೆಂಡು ಬಂದು ನನ್ನ ಬೂಟಿಗೆ ತಗಲಿ ಅಲ್ಲೇ ನಿಂತಿತು! ನಾನದನ್ನು ನಾಯಕ ಗಣೇಶನಿಗೆ ಒದ್ದೆ. ಅವನು ಓಡಿ ಗೋಲು ಹೊಡೆದ.

ಅರ್ಧ ಆಟಕ್ಕೆ ಎರಡು, ಮುಗಿಯುವಾಗ ನಾಲ್ಕು. ಅವರದು ಸೊನ್ನೆ. ನಾನು ಒಬ್ಬನಿಗೂ ಕಾಲು ಅಡ್ಡ ಹಾಕಲಿಲ್ಲ. ನಿಂತಲ್ಲಿಗೇ ಚೆಂಡು ಬರುತ್ತಿತ್ತು. ಏಗಿ ಏಗಿ ಗೆಲ್ಲುವ ನಮ್ಮ ತಂಡ ಇಷ್ಟು ಸಲೀಸಾಗಿ ಗೆದ್ದದ್ದನ್ನು ನಾನು ಕಂಡವನಲ್ಲ. ಎಲ್ಲರೂ ಕುಣಿದರು. ನನಗೆ ಸಂತೋಷವೇ ಹುಟ್ಟಲಿಲ್ಲ. ಕೆಸರು ಮೈಯಲ್ಲೇ ಉಡುಪಿಯ ಬಸ್ಸು ಹತ್ತಿದೆ.

ಬೆಂಚಿನಲ್ಲಿ ಕೂರುವಷ್ಟರಲ್ಲಿ ಅಕ್ಕ ವಾರ್ಡಿನ ಬಾಗಿಲಿಗೆ ಬಂದಳು.

"ರಾಘೂ, ಒಳ್ಗೆ ಬಾ. ಕಾಣ್ ಇಲ್ಲಿ."

ಹಾಸಿಗೆಯಲ್ಲಿ ಸುಧೀರ ಹಲ್ಲು ಕಚ್ಚಿಕೊಂಡಿದ್ದ. ಮುರಿದ ಕಾಲಿನ ಹೆಬ್ಬೆರಳು ಒಂದಿಷ್ಟೇ ಮೇಲೆದ್ದು ಮತ್ತೆ ಬಿತ್ತು. ಇನ್ನೊಮ್ಮೆ ಎದ್ದಿತು. "ಮಾವ, ಎಷ್ಟ್ ಗೋಲ್?" ಎಂದು ಕೇಳಿದ. ನಾಲ್ಕು ಬೆರಳು ತೋರಿಸಿದೆ. ಅವನ ಹೆಬ್ಬೆರಳು ಮೊದಲು ಯಾವ ಹೊತ್ತಿಗೆ ಅಲ್ಲಾಡಿತೆಂದು ನಾನು ಕೇಳಲಿಲ್ಲ, ಕೇಳಬೇಕೆಂದು ಅನ್ನಿಸಲೂ ಇಲ್ಲ.

ಈಗ ಅವನು ಕೋಲು ಹಿಡಿದು ನಡೆಯುತ್ತಾನೆ. ಮತ್ತೆ ಆಡಬಹುದೇ ಎಂಬುದಕ್ಕೆ ಡಾಕ್ಟರು ಇನ್ನೂ ಉತ್ತರ ಕೊಟ್ಟಿಲ್ಲ. ಭಯ ಪೂರ್ತಿ ಹೋಗಿಲ್ಲ, ಆದರೆ ಇಷ್ಟು ಕೊಟ್ಟ ಸ್ವಾಮಿ ಅರ್ಧದಲ್ಲಿ ಕೈಬಿಡನೆಂಬ ನಂಬಿಕೆ ಗಟ್ಟಿಯಾಗಿದೆ. ಮೊನ್ನೆ ಹರಕೆ ಸಲ್ಲಿಸಲು ಮೂವರೂ ಗುಡಿಗೆ ಹೋದೆವು. ಅಕ್ಕ ಕೈಮುಗಿದು ಮಗನಿಗಾಗಿ ಬೇಡಿಕೊಂಡಳು. ಮುಗಿಯಿತೆಂದು ನಾನು ತಿರುಗಿದಾಗ ಅವಳ ದನಿ ಮತ್ತೆ ಕೇಳಿತು.

"ಸ್ವಾಮೀ, ನನ್ ತಮ್ಮನ್ನೂ ಕಾಯ್ಕಣಿ."